ಊಟದ ಮಾತು ಬ್ಯಾಡ, ಪ್ರಶ್ನೆ ಕೇಳ್ರಿ

ನನ್ನ ಫೋನಿಗಿ ಏನೋ ಆಗ್ಯಾದ ಅಂತ ಅಂಗಡಿಗಿ ಒಯ್ದು ತೋರಿಸಿದೆ. ಅಂಗಡಿಯಾಂವ ತನ್ನ ಫೋನಿಂದ ನನ್ನ ನಂಬರಿಗಿ ಹಚ್ಚಿದ. ಛಲೋತ್ನಂಗ ಬಡಕೊಂತು. ಫೋನ್ ಬರೋಬರಿ ಅದ ಮೇಡಂ, ನಿಮಗ ಯಾರೂ ಮಾಡವಲ್ರು ಅಷ್ಟೇ ಅಂದ. ಅವನ ಬಾಯಾಗ ಮಣ್ಣ ಬೀಳ್ಲಿ! ಖರೇನೇ ಹೇಳಿದ್ದ.

ನಾ ಹೆಲೆನ. ಬೀದರದಾಗ ಒಂದು ನರ್ಸಿಂಗ್ ಹೋಮಿನ ಲ್ಯಾಬಿನ್ಯಾಗ ರಕ್ತ ತಪಾಸಣಿ ಮಾಡ್ಕೋತ ತಲಿ ಬೆಳ್ಳಗ ಮಾಡ್ಕೊಂಡಾಕಿ. ಲಗ್ನ ಆಗ್ಲಿಲ್ಲ, ಆಗಬೇಕು ಅಂತ ಅನಿಸ್ಲೂ ಇಲ್ಲ. ಹೋದ ವರ್ಷ ರಿಟೈರ್ ಆದೆ. ಚರ್ಚಿನ ಹಿಂದಿನ ಓಣ್ಯಾಗ ಎರಡು ಖೋಲಿ ಮನಿ. ನಾಲಿಗಿ ನಂದು ಜರಾ ಖಾರ ಅಂತಾರ ಮಂದಿ. ಅನ್ಲಿ.

ಈ ಕಡಿ ಭಾಳ ಲ್ಯಾಬಿನವರು ರಕ್ತದ ರಿಪೋರ್ಟ್ ತೆಗೆಯೋದು ಒಂದೇ ಸಾಫ್ಟ್‌ವೇರಿನ್ಯಾಗ. ಅದನ್ನ ಯಾರು ಹ್ಯಾಂಗ ಬೇಕಾದ್ರೂ ಬದಲಿ ಮಾಡ್ಕೋಬಹುದು, ಅದೇ ಅದರ ರೋಗ. ಭಾಲ್ಕಿ ಲ್ಯಾಬಿನ ಮುನೀರೋದ್ದೀನ ತನ್ನ ಡಾಕ್ಟರ್ ಸಲುವಾಗಿ ರಿಪೋರ್ಟಿನ್ಯಾಗ ಶುಗರ್ ಎಲ್ಲಕ್ಕಿಂತ ಮ್ಯಾಲ ಇಟ್ಕೊಂಡಾನ. ಔರಾದದ ಕಾಜಲ ಎರಡು ತಪಾಸಣಿ ಕೂಡಿಸಿ ಒಂದೇ ಹಾಳಿಗಿ ತಂದಾಳ. ಕಂಪನಿ ಕೊಟ್ಟ ಇಂಗ್ಲಿಷ್ ಮ್ಯಾನುವಲ್ ಇಟ್ಟಂಗಿ ಅಷ್ಟು ದಪ್ಪ ಅದ, ಆದ್ರ ಯಾರ ಲ್ಯಾಬಿಗೂ ಹೊಂದಂಗಿಲ್ಲ. ಹಂಗಾಗಿ ನಮ್ಮದೇ ಒಂದು ವಾಟ್ಸಾಪ್ ಗ್ರೂಪ್ ಮಾಡ್ಕೊಂಡಿದ್ವಿ. ಯಾರ ರಿಪೋರ್ಟ್ ಕೆಟ್ರೂ ಕಡೀಕ ಫೋನ್ ನನಗೇ ಬರ್ತಿತ್ತು, ನೌಕರಿ ಬಿಟ್ಟ ಮ್ಯಾಲೂ.

ಬಂದ ಫೋನಿನ್ಯಾಗ ಒಬ್ಬರೂ ನೇರ ಪ್ರಶ್ನೆಗಿ ಬರ್ತಿದ್ದಿಲ್ಲ. ನಮ್ಮ ಕಡಿ ಮಂದೀನೇ ಹಂಗ. ಎದುರಿಗಿ ಪೇಶಂಟ್ ತೋಳು ಚಾಚಿ ಕೂತಿದ್ರೂ, ಮೊದಲ ಊಟ ಆಯ್ತೇನ್ರಿ ಅಂತ ಕೇಳೇ ಮುಂದಿನ ಮಾತು. ಕಾಜಲ ಅಂತೂ ಮಧ್ಯಾಹ್ನ ಕೆಲಸ ಮುಗಿಸಿ ಫೋನ್ ಮಾಡಾಕಿ, ಏನ್ ಪಲ್ಯ ಮಾಡೀರಿ ಅಂತ ತಿಳ್ಕೊಳ್ಳದೇ ಬಿಡ್ತಿದ್ದಿಲ್ಲ. ನಾ ಬೈತಿದ್ದೆ. ನನ್ನ ಪಲ್ಯದಿಂದ ನಿನ್ನ ರಿಪೋರ್ಟ್ ರಿಪೇರಿ ಆಗ್ತದೇನು ಅಂತಿದ್ದೆ. ಆಕಿ ನಗ್ತಿದ್ಳು. ಆದ್ರ ಆಕಿ ಕೇಳ್ತಾಳಂತಲೇ ನಾ ಪಲ್ಯ ಮಾಡ್ತಿದ್ದೆ. ತಾನೊಬ್ಬಾಕಿ ಉಣ್ಣೋ ಸಲುವಾಗಿ ಯಾರು ಬದನಿಕಾಯಿ ಸೀಳಿ ಶೇಂಗಾಪುಡಿ ತುಂಬ್ತಾರ್ರಿ? ನಿನ್ನಿದೇ ಇವತ್ತೂ ಅಂತ ಹೇಳ್ಲಾಕ ನಾಚಿಕಿ ಬರ್ತಿತ್ತು.

ಈ ಬ್ಯಾಸಗ್ಯಾಗ ಕಂಪನಿಯಾಂವ ಒಬ್ಬ ಫೋನ್ ಮಾಡಿದ. ನಿಮಗ ಎಲ್ಲಾ ಗೊತ್ತದ ಅಂತಾರ, ಕನ್ನಡದಾಗ ಮ್ಯಾನುವಲ್ ಬರದು ಕೊಡ್ರಿ, ನಿಮ್ಮ ಹೆಸರು ಹಾಕ್ತೇವಿ ಅಂದ. ನಾ ಉಬ್ಬಿ ಹೋದೆ. ಯಾವ ಲ್ಯಾಬಿನ್ಯಾಗ ಏನು ತೊಂದರಿ ಬಂದಿತ್ತೋ ಎಲ್ಲಾನೂ ನೆನಸಿ, ಚಿತ್ರ ಹಾಕಿ, ಎಲ್ಲಿ ಒತ್ತಬೇಕು ಅಂತ ಬಾಣ ಹಾಕಿ ಬರ್ದೆ. ಮುನೀರೋದ್ದೀನನ ಶುಗರ್, ಕಾಜಲನ ಹಾಳಿ, ಒಂದೂ ಬಿಡ್ಲಿಲ್ಲ. ಮೊದಲ್ನೇ ಪುಟದಾಗ ದಪ್ಪ ಅಕ್ಷರದಾಗ ಹಾಕಿದೆ: ಇದರಾಗ ಸಿಗಲಿಲ್ಲಂದ್ರ ಮಾತ್ರ ಫೋನ್ ಮಾಡ್ರಿ. ಊಟದ ಮಾತು ಬ್ಯಾಡ, ಪ್ರಶ್ನೆ ಕೇಳ್ರಿ.

ಕಂಪನಿ ಅದನ್ನ ಪುಸ್ತಕ ಮಾಡಿ ಎಲ್ಲಾ ಲ್ಯಾಬಿಗೂ ಹಂಚ್ತು. ಗ್ರೂಪಿನ್ಯಾಗ ಅದರ ಸುದ್ದಿ ಹಾಕಿದ ದಿನ ಎಲ್ರೂ ಕೈ ಮುಗಿದ್ರು, ಹೂವಿನ ಚಿತ್ರ ಕಳಿಸಿದ್ರು. ಮಾಷಾ ಅಲ್ಲಾ ಮೇಡಂ ಅಂದ ಮುನೀರೋದ್ದೀನ. ಅಷ್ಟೇ. ಅವತ್ತಿಂದ ಎಲ್ಲಾ ಗಪ್. ಯಾರಿಗಿ ಏನು ಬೇಕೋ ಅದು ಪುಸ್ತಕದಾಗೇ ಸಿಗ್ತದ. ಅಷ್ಟು ಛಂದ ಬರ್ದೇನಿ, ಸುಡುಗಾಡು!

ಈಗ ನಂದು ಅನ್ನ, ಮಜ್ಜಿಗಿ, ಉಪ್ಪಿನಕಾಯಿ. ವಾರಗಟ್ಟಲೇ ಮಾತಿಲ್ಲದೇ, ಐತವಾರ ಚರ್ಚಿನ್ಯಾಗ ಹಾಡ್ಲಾಕ ನಿಂತ್ರ ಗಂಟಲಾಗಿಂದ ದನಿ ಹೊರಡವಲ್ದು. ಇಷ್ಟು ವರ್ಷ ಒಬ್ಬಾಕೇ ಇದ್ದೆ, ಆದ್ರ ಒಂಟಿ ಇದ್ದಿಲ್ಲ. ಈಗ ಒಂಟಿ ಆಗೇನಿ.

ಇವತ್ತ ಬಜಾರಕ್ಕ ಹೋಗಿ ಪುಂಡಿ ಸೊಪ್ಪು ತಂದೆ. ಬಳ್ಳೊಳ್ಳಿ ಜಜ್ಜಿ ಒಗ್ಗರಣಿ ಕೊಟ್ಟು ಪಲ್ಯ ಮಾಡಿದೆ, ಜೋಳದ ರೊಟ್ಟಿ ಬಡಿದೆ. ಆಮ್ಯಾಲ ಗ್ರೂಪಿನ್ಯಾಗ ನಾನೇ ಒಂದು ಪ್ರಶ್ನೆ ಹಾಕಿದೆ. ಸಣ್ಣ ಮಕ್ಕಳ ರಿಪೋರ್ಟಿನ್ಯಾಗ ದೊಡ್ಡವರ ನಾರ್ಮಲ್ ಅಂಕಿ ಬರ್ಲಿಕತ್ತಾವ, ಏನ್ ಮಾಡ್ಬೇಕು? ಉತ್ತರ ನಿದ್ದ್ಯಾಗ ಎಬ್ಬಿಸಿ ಕೇಳಿದ್ರೂ ನನಗ ಬರ್ತದ. ಅಲ್ಲದೇ ನನಗೆಲ್ಲಿ ಲ್ಯಾಬ್ ಅದ ಈಗ? ಯಾರರ ಒಬ್ಬರು ಗಾಬರಿ ಆಗಿ ಫೋನ್ ಮಾಡ್ತಾರ, ಏನಾಯ್ತ್ರಿ ಮೇಡಂ ಅಂತಾರ ಅಂದ್ಕೊಂಡಿದ್ದೆ.

ರೊಟ್ಟಿ ಆರೋದ್ರಾಗ ಕಾಜಲನ ಉತ್ತರ ಬಂತು. ನಲವತ್ತೊಂದನೇ ಪುಟ ನೋಡ್ರಿ ಮೇಡಂ ಅಂತ ಬರದು, ಕೆಳಗ ಆ ಪುಟದ ಫೋಟೋ ಹಾಕಿದ್ಳು. ಮುನೀರೋದ್ದೀನ ಅದಕ್ಕೊಂದು ಹೆಬ್ಬೆಟ್ಟು ಎತ್ತಿದ. ನಾನೇ ಬರೆದ ಪುಟ, ಹುಡುಕಿದ್ರೂ ಒಂದು ತಪ್ಪಿಲ್ಲ. ಸಿಟ್ಟು ನೆತ್ತಿಗೇರ್ತು, ಅದರ ಹಿಂದೇ ಅಳು ಬಂತು.

ತಡೀಲಿಲ್ಲ, ಕಾಜಲಗ ಫೋನ್ ಹಚ್ಚಿದೆ. ಪುಟ ತಿಳೀಲಿಲ್ಲೇನ್ರಿ ಅಂತ ಕೇಳಿದ್ಳು. ತಿಳೀತು ಅಂದೆ. ಮತ್ತೇನರ ಪ್ರಶ್ನೆ ಅದೇನ್ರಿ ಅಂದ್ಳು. ಕಡೀಕ ಕೇಳೇ ಬಿಟ್ಟೆ.

"ನಿನ್ನ ಊಟ ಆಯ್ತೇನವಾ?"



"ಅದನ್ನ ಕೇಳಬ್ಯಾಡ್ರಿ ಅಂತ ನೀವೇ ಬರ್ದೀರಲ್ರಿ ಮೇಡಂ," ಅಂದ್ಳು. ದನ್ಯಾಗ ಚ್ಯಾಷ್ಟಿ ಇರ್ಲಿಲ್ಲ. "ದಿನಾ ನಿಮ್ಮ ನಂಬರ್ ತೆಗೀತೇನ್ರಿ. ಕೇಳ್ಲಾಕ ಪ್ರಶ್ನೇನೇ ಇಲ್ಲ, ಹ್ಯಾಂಗ ಮಾಡ್ಲಿ ಅಂತ ಇಟ್ಟುಬಿಡ್ತೇನಿ."

"ಆ ಮೊದಲ್ನೇ ಪುಟ ಹರದು ಒಗಿ," ಅಂದೆ.

ಅಷ್ಟರಾಗ ಆಕಿ ಕಡಿ ಪೇಶಂಟ್ ಬಂದ್ರು. ಆಮ್ಯಾಲ ಮಾಡ್ತೇನ್ರಿ ಅಂತ ಇಟ್ಟಳು. ಏನ್ ಪಲ್ಯ ಅಂತ ಆಕಿ ಕೇಳೋದೇ ಆಗ್ಲಿಲ್ಲ. ಪುಂಡಿ ಪಲ್ಯ ಮುಚ್ಚಿಟ್ಟೇನಿ, ನಾನೂ ಇನ್ನಾ ಉಂಡಿಲ್ಲ.