ಗುರುವಾರದ ಒಳಕುಸ್ತಿ

ಡೆಲ್ಮರ್ ಪ್ಲೂಗ್ ಕಾಲೇಜಿನಲ್ಲಿ ಓದುವಾಗ ತಂಡದ ಪರವಾಗಿ ಒಂದೇ ಒಂದು ಕುಸ್ತಿಯನ್ನೂ ಆಡಿದವನಲ್ಲ. ಕ್ಲೇಬರ್ನ್ ಕಾಲೇಜಿಗೆ ಮತ್ತೆ ಮತ್ತೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಕೋಚ್, ಅಯೋವಾದ ಅರ್ಧ ಹೈಸ್ಕೂಲುಗಳಿಗೆ ಕುಸ್ತಿ ಗುರುಗಳನ್ನು ತಯಾರು ಮಾಡಿ ಕಳಿಸಿದ ಮನುಷ್ಯ ಪಂದ್ಯವನ್ನೇ ಆಡಲಿಲ್ಲ ಎಂದರೆ ಹೊರಗಿನವರು ಹುಬ್ಬೇರಿಸುತ್ತಾರೆ. ಆದರೆ ಅದು ನಿಜ. ದೊಡ್ಡ ವಿಶ್ವವಿದ್ಯಾಲಯವೊಂದರ ಗರಡಿಯಲ್ಲಿ ನಾಲ್ಕು ವರ್ಷ ಬೆವರು ಸುರಿಸಿದ. ಒಂದು ತೂಕಕ್ಕೆ ತಂಡದಲ್ಲಿ ಒಬ್ಬನಿಗಷ್ಟೇ ಜಾಗ. ಆ ಜಾಗಕ್ಕಾಗಿ ತಮ್ಮತಮ್ಮೊಳಗೇ ನಡೆಯುವ ಒಳಕುಸ್ತಿಗೆ ಪ್ರತಿ ಸಲ ನಿಂತ, ಪ್ರತಿ ಸಲ ಸೋತ. ಬಸ್ಸು ಪಂದ್ಯಕ್ಕೆ ಹೊರಟಾಗಲೆಲ್ಲ ಅವನು ಗರಡಿಯ ನೆಲ ಒರೆಸುತ್ತ ಉಳಿದ.

ಬೇರೆಯವರಾಗಿದ್ದರೆ ಇಂಥ ಸಂಗತಿಯನ್ನು ಮುಚ್ಚಿಟ್ಟುಕೊಳ್ಳುತ್ತಿದ್ದರು. ಡೆಲ್ಮರ್ ಪ್ರತಿ ವರ್ಷ ಹೊಸ ಹುಡುಗರ ಮುಂದೆ ಎದೆ ಸೆಟೆಸಿ ಹೇಳುತ್ತಿದ್ದ.

"ನನಗೆ ಯಾವನೂ ಒಂದು ಸಲಾನೂ ಬಿಟ್ಟುಕೊಡ್ಲಿಲ್ಲ ಕಣ್ರೋ. ಅದಕ್ಕೇ ನಾನೆಷ್ಟರವನು ಅಂತ ನನಗೆ ಸರಿಯಾಗಿ ಗೊತ್ತಾಯ್ತು. ಅದು ಗೊತ್ತಿದ್ದೋನು ಏನು ಬೇಕಾದ್ರೂ ಕಟ್ಟಬಹುದು."

ಅವನು ಕಟ್ಟಿದ್ದೆಲ್ಲ ಒಂದೇ ನಿಯಮದ ಮೇಲೆ. ಗುರುವಾರ ಸಂಜೆ ಯಾವ ಹುಡುಗ ಬೇಕಾದರೂ ತನ್ನ ತೂಕದ ಮೊದಲಿಗನನ್ನು ಕುಸ್ತಿಗೆ ಕರೆಯಬಹುದು. ಗರಡಿಯಲ್ಲಿ ಗೆದ್ದವನು ಬಸ್ಸು ಹತ್ತುತ್ತಾನೆ. ಹೋದ ವಾರದ ಪದಕ, ಅಪ್ಪನ ಹೆಸರು, ಪತ್ರಿಕೆಯಲ್ಲಿ ಬಂದ ಫೋಟೋ ಯಾವುದೂ ಲೆಕ್ಕಕ್ಕಿಲ್ಲ. ಒಂದು ವರ್ಷ ಸ್ವಂತ ತಂಗಿಯ ಮಗನನ್ನೇ ಬಸ್ಸಿನಿಂದ ಇಳಿಸಿದ. ಆ ತಂಗಿ ಅದೆಷ್ಟೋ ಕ್ರಿಸ್‌ಮಸ್‌ಗಳವರೆಗೆ ಅಣ್ಣನ ಮನೆ ಕಡೆ ತಲೆ ಹಾಕಲಿಲ್ಲ. ಆಮೇಲೆ ಬಂದಾಗಲೂ ಸೇಬಿನ ಪೈ ತಂದಿರಲಿಲ್ಲ. ಡೆಲ್ಮರ್ ಅದನ್ನೂ ಹೊಟ್ಟೆಗೆ ಹಾಕಿಕೊಂಡ. ನಿಯಮ ಮಾತ್ರ ಅಲ್ಲಾಡಲಿಲ್ಲ. ಇಷ್ಟು ವರ್ಷ ಅದು ಅವನ ಹೃದಯವನ್ನು ಕೇಳಿ ನಡೆದದ್ದೇ ಇಲ್ಲ.

ಈಗ ಅವನ ಕೊನೆಯ ವರ್ಷ. ಮಂಡಿ ಎರಡೂ ಸವೆದುಹೋಗಿವೆ, ಪಟ್ಟುಗಳಲ್ಲಿ ಜಜ್ಜಿಹೋದ ಕಿವಿಗಳು ಎಂದೋ ಒಣಗಿದ ಅಣಬೆಯಂತಾಗಿವೆ. ವಸಂತದಲ್ಲಿ ಕೆಲಸ ಬಿಡುತ್ತೇನೆಂದು ಹೆಂಡತಿ ಆರ್ಡಿತ್‌ಗೆ ಮಾತು ಕೊಟ್ಟಾಗಿತ್ತು. ಕೊನೆಯ ವರ್ಷ ಒಂದೇ ಒಂದು ಆಸೆ ಇಟ್ಟುಕೊಂಡಿದ್ದ, ಅದು ಸೊಬೊಟ್ಕಾ ಈ ಸಲವಾದರೂ ರಾಷ್ಟ್ರಮಟ್ಟದ ಪದಕ ಗೆಲ್ಲಲಿ ಎಂಬುದು.

ಗ್ರಾಂಟ್ ಸೊಬೊಟ್ಕಾ ತಂಡದ ನಾಯಕ, ನೂರೈವತ್ತೇಳು ಪೌಂಡು ತೂಕದ ವಿಭಾಗದವನು, ಕೊನೆಯ ವರ್ಷದವನು. ಎರಡು ಸಲ ರಾಷ್ಟ್ರಮಟ್ಟಕ್ಕೆ ಹೋಗಿ ಪದಕಕ್ಕೆ ಒಂದು ಕುಸ್ತಿ ಬಾಕಿ ಇರುವಾಗ ಸೋತು ಬಂದಿದ್ದ. ಹಿಂದಿನ ವರ್ಷ ಭುಜ ಜಾರಿ ಮನೆಯಲ್ಲೇ ಕೂತ. ಬೈಗುಳ ತಿಂದು ನಗುವ, ತಾನು ಉಪವಾಸವಿದ್ದಾಗಲೂ ಪಕ್ಕದವನ ತೂಕ ಇಳಿಸಲು ಜೊತೆಗೆ ಓಡುವ ಹುಡುಗ. ಇಡೀ ಊರಿಗೆ ಅವನೆಂದರೆ ಅಕ್ಕರೆ. ಡೆಲ್ಮರ್‌ಗಂತೂ ಹೊಟ್ಟೆಯಲ್ಲಿ ಹುಟ್ಟಿದ ಮಗನ ಹಾಗೆ.

ಅವನ ಜಾಗಕ್ಕೆ ಕಣ್ಣು ಹಾಕಿದ್ದವನು ಕೋಲ್ಟನ್ ರೀವ್, ಆಗಸ್ಟಿನಲ್ಲಷ್ಟೇ ಸೇರಿದ ಹೊಸಬ. ಮಾತು ಕಡಿಮೆ, ಕಾಲು ಚುರುಕು. ಅವನಿಗೆ ಕಾಲೇಜಿನ ಕುಸ್ತಿ ಕಲಿಸಿದ್ದೇ ಸೊಬೊಟ್ಕಾ. ಹಿಮಬಿರುಗಾಳಿಯಲ್ಲಿ ಅವನನ್ನು ತನ್ನ ಟ್ರಕ್ಕಿನಲ್ಲಿ ಊರು ಮುಟ್ಟಿಸಿದ್ದವನೂ ಅವನೇ. ವಲಯ ಪಂದ್ಯಾವಳಿಗೆ ವಾರ ಉಳಿದಿರುವಾಗ ಕೋಲ್ಟನ್ ನಿಯಮದಂತೆ ಕೈಯೆತ್ತಿ ಸೊಬೊಟ್ಕಾನನ್ನು ಕರೆದ.

ಆ ಗುರುವಾರ ಗರಡಿ ಕಿಕ್ಕಿರಿದಿತ್ತು. ಗೋಡೆಗೊರಗಿದ ಹುಡುಗರು ಕೂಗಿ ಕೂಗಿ ಗಂಟಲು ಹರಿದುಕೊಂಡರು. ಕೊನೆಯವರೆಗೂ ಇಬ್ಬರೂ ಸಮಸಮ. ಸಮಯ ಮುಗಿಯುತ್ತಿದ್ದಾಗ ಸೊಬೊಟ್ಕಾ ಕೆಳಗೆ ನುಗ್ಗಿ ಕೋಲ್ಟನ್‌ನ ಕಾಲು ಹಿಡಿದ, ಎತ್ತಿದ, ಕೆಡವಿದ. ಗರಡಿ ಹೋ ಎಂದಿತು. ಡೆಲ್ಮರ್ ಸೀಟಿ ಊದಿ ನಾಯಕನ ಕೈ ಎತ್ತುವಾಗ ಅವನ ಕಣ್ಣು ತುಂಬಿತ್ತು. ಇಷ್ಟು ವರ್ಷಗಳಲ್ಲಿ ಒಮ್ಮೆಯಾದರೂ ನಿಯಮವೂ ಮನಸ್ಸೂ ಒಂದೇ ದಾರಿಗೆ ಬಂತಲ್ಲ ಎಂದು ಹಿಗ್ಗಿಹೋದ.

ಹಿಗ್ಗು ರಾತ್ರಿಯೂಟದವರೆಗೆ ಉಳಿಯಿತು. ಆರ್ಡಿತ್ ಕೊಚ್ಚಿದ ಮಾಂಸದಲ್ಲಿ ಬೇಯಿಸಿದ ಮೀಟ್‌ಲೋಫನ್ನು ಬಾಯಿಗಿಡುತ್ತ ಆ ಕೊನೆಯ ಪಟ್ಟನ್ನು ಅವಳಿಗೆ ವರ್ಣಿಸುತ್ತಿದ್ದ. "ಇವನು ನುಗ್ಗಿದ ನೋಡು, ಆ ಹುಡುಗ..." ಎಂದವನ ಫೋರ್ಕು ಅರ್ಧ ದಾರಿಯಲ್ಲೇ ನಿಂತಿತು.

"ಏನಾಯ್ತು? ಮೂಳೆ ಏನೂ ಇಲ್ವಲ್ಲ ಅದರಲ್ಲಿ," ಎಂದಳು ಆರ್ಡಿತ್.

"ಸೊಂಟ," ಎಂದ ಡೆಲ್ಮರ್. "ಅವನು ಸೊಂಟ ಇಳ್ಸಲೇ ಇಲ್ಲ."

ಕಾಲಿಗೆ ನುಗ್ಗಿದವನ ಮೇಲೆ ಸೊಂಟ ಕುಕ್ಕಿ, ಕಾಲುಗಳನ್ನು ಹಿಂದಕ್ಕೆ ಎಸೆಯುವುದು ಕುಸ್ತಿಯ ಮೊದಲ ಪಾಠ. ಕೋಲ್ಟನ್‌ಗೆ ಅದು ಉಸಿರಾಟದಷ್ಟು ಸಹಜ. ಇಡೀ ಚಳಿಗಾಲದಲ್ಲಿ ಅವನ ಸೊಂಟ ಮೈಮರೆತದ್ದನ್ನು ಡೆಲ್ಮರ್ ನೋಡಿರಲಿಲ್ಲ. ಇವತ್ತು ಮಾತ್ರ ಹುಡುಗ ಕಂಬದ ಹಾಗೆ ನಿಂತು, ಕಾಲನ್ನು ಒಯ್ಯಿ ಎಂದು ಕೊಟ್ಟಿದ್ದ.

ಆರ್ಡಿತ್ ಎಲ್ಲ ಕೇಳಿಸಿಕೊಂಡಳು. ತೂಕ ಇಳಿಸುತ್ತಲೇ ಇರಬೇಕಾದ ಕುಸ್ತಿಯ ಹುಡುಗರಿಗೆ ವರ್ಷವೆಲ್ಲ ಹಸಿವು. ಋತು ಮುಗಿದ ಭಾನುವಾರ ಅವರಿಗೆಲ್ಲ ಹೊಟ್ಟೆ ಬಿರಿಯುವಷ್ಟು ಬಡಿಸುತ್ತ ಬಂದವಳು ಅವಳು. ಹುಡುಗರ ಕಷ್ಟಸುಖ ಅವಳಿಗೆ ಡೆಲ್ಮರ್‌ಗಿಂತ ಚೆನ್ನಾಗಿ ಗೊತ್ತಿತ್ತು.

"ಬಿಟ್ಟುಬಿಡು ಡೆಲ್. ಆ ಹುಡುಗ ಮನಸ್ಸಿನಿಂದ ಕೊಟ್ಟಿದಾನೆ, ಈ ಹುಡುಗ ತಗೊಂಡಿದಾನೆ. ಮಧ್ಯೆ ನಿಂದೇನು?"

"ಇವನು ತಗೊಂಡಿಲ್ಲ ಆರ್ಡಿತ್. ಗೆದ್ದೆ ಅಂದ್ಕೊಂಡಿದಾನೆ."

"ಅಂದ್ಕೊಳ್ಳಲಿ! ಯಾರಿಗೆ ನಷ್ಟ? ನೀನು ಬಾಯಿ ಬಿಡದಿದ್ರೆ ಈ ಭೂಮಿ ಮೇಲೆ ಯಾರಿಗೂ ಗೊತ್ತಾಗಲ್ಲ. ನಿನಗೂ ಅದೇ ಬೇಕಿತ್ತು, ಸುಳ್ಳು ಹೇಳ್ಬೇಡ."

ಡೆಲ್ಮರ್ ಸುಳ್ಳು ಹೇಳಲಿಲ್ಲ. ಅದೇ ಬೇಕಿತ್ತು. ಯಾರಿಗೂ ಗೊತ್ತಾಗುವುದಿಲ್ಲ ಎಂಬುದೂ ಖರೆ. ತಟ್ಟೆ ಸರಿಸಿ ಎದ್ದ. ಅದರಲ್ಲಿ ಉಳಿದದ್ದು ಮರುದಿನ ನಾಯಿಯ ಪಾಲಾಯಿತು.

ಬೆಳಿಗ್ಗೆ ಕೋಲ್ಟನ್‌ನನ್ನು ಗರಡಿಗೆ ಕರೆಸಿ ಎದುರು ನಿಲ್ಲಿಸಿಕೊಂಡ. ಹುಡುಗ ಒಂದೇ ಪ್ರಶ್ನೆಗೆ ಕರಗಿಹೋದ.

"ನನಗಿನ್ನೂ ಮೂರು ವರ್ಷ ಇದೆ ಕೋಚ್. ಅವನಿಗೆ ಇದೊಂದೇ."

"ಹಾಗಿದ್ರೆ ಅವನನ್ನ ಕರೆದಿದ್ಯಾಕೆ?"

"ಗೆಲ್ಲಬೇಕು ಅಂತಾನೇ ಕರೆದೆ. ಆಮೇಲೆ ಅವನ ಮುಖ ನೋಡ್ದೆ... ಆಗ್ಲಿಲ್ಲ."

"ದಾನ ಮಾಡೋಕೆ ಅದೇನು ನಿನ್ನ ಅಜ್ಜನ ಆಸ್ತೀನಾ? ಅದು ಗೆದ್ದೋನದು. ನೀನು ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ, ಸುಮ್ನೆ ನಿಂತ್ಕೊಂಡೆ. ಅವನೆಷ್ಟರವನು ಅಂತ ತಿಳ್ಕೊಳ್ಳೋದನ್ನೇ ಕಸ್ಕೊಂಡ್ಯಲ್ಲೋ ಅವನಿಂದ!"

ಗದರಿದ್ದು ಸುಲಭವಾಗಿತ್ತು. ಸೊಬೊಟ್ಕಾನಿಗೆ ಹೇಳುವುದು ಹಾಗಿರಲಿಲ್ಲ. ಮಾತನ್ನು ಎಷ್ಟು ಮೆತ್ತಗೆ ಇಟ್ಟರೂ ಹುಡುಗನ ಮುಖಕ್ಕೆ ರಕ್ತ ನುಗ್ಗಿತು.

"ಇಲ್ಲ. ನಾನು ಗೆದ್ದೆ. ಇಡೀ ಗರಡಿ ನೋಡಿದೆ."

"ನಾನೂ ನೋಡ್ದೆ ಮಗಾ."

ಸೊಬೊಟ್ಕಾ ಬಾಗಿಲಲ್ಲಿ ನಿಂತಿದ್ದ ಕೋಲ್ಟನ್ ಕಡೆ ತಿರುಗಿದ. "ಹೇಳೋ ಇವರಿಗೆ! ಬಾಯಿಗೇನು ಬೀಗ ಹಾಕ್ಕೊಂಡಿದ್ಯಾ?"

ಕೋಲ್ಟನ್ ತನ್ನ ಬೂಟಿನ ದಾರ ನೋಡುತ್ತ ನಿಂತ. ಅಷ್ಟು ಸಾಕಾಯಿತು. ಸೊಬೊಟ್ಕಾ ಗೋಡೆಗೆ ಒರಗಿ ಕುಸಿದು ಕೂತ. ಅವನು ಮಾತಾಡಿದಾಗ ಅದು ಚಿಕ್ಕ ಮಗುವಿನ ದನಿಯಾಗಿತ್ತು.

"ಅಪ್ಪನಿಗೆ ಫೋನ್ ಮಾಡಿ ಹೇಳ್ಬಿಟ್ಟಿದೀನಿ ಕೋಚ್. ಅಮ್ಮ ಆಗಲೇ ಎಲ್ಲರಿಗೂ ಹಂಚೋಕೆ ಕೊಲಾಚೆ ಬನ್ನು ಮಾಡೋಕೆ ಕೂತಿದಾಳೆ."

ಡೆಲ್ಮರ್ ಸಮಾಧಾನ ಹೇಳಲಿಲ್ಲ. ಏನು ಹೇಳಿದ್ದರೂ ಅದು ಹಿಂದಿನ ಸಂಜೆ ಕೋಲ್ಟನ್ ಬಿಟ್ಟುಕೊಟ್ಟ ಗೆಲುವಿನ ಹಾಗೆ ಸುಳ್ಳೇ ಆಗುತ್ತಿತ್ತು. ಹುಡುಗ ಚೀಲದಿಂದ ಬೂಟು ತೆಗೆದು ದಾರವನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿದ.

"ಸಂಜೆ ಎಲ್ಲರೂ ಇರ್ಲಿ," ಎಂದು ಕೋಲ್ಟನ್‌ಗೆ ಬೆರಳು ತೋರಿಸಿದ. "ಈ ಸಲ ಬಿಟ್ಟುಕೊಟ್ಯೋ, ಹಲ್ಲು ಉದುರಿಸಿ ನಿನ್ನ ಕೈಗೇ ಕೊಡ್ತೀನಿ."

ಸಂಜೆ ತಂಡವೆಲ್ಲ ಸೇರಿತು. ಡೆಲ್ಮರ್ ನಡುವೆ ನಿಂತು, "ನಿನ್ನೆ ನಡೆದಿದ್ದು ಒಳಕುಸ್ತಿ ಅಲ್ಲ. ತಪ್ಪು ನಂದು, ಆಗಲೇ ನಿಲ್ಲಿಸ್ಬೇಕಿತ್ತು," ಎಂದಷ್ಟೇ ಹೇಳಿದ. ಕುಸ್ತಿ ಶುರುವಾದ ಮೇಲೂ ಯಾರೂ ಕೂಗಲಿಲ್ಲ. ಉಸಿರು, ಬೂಟಿನ ಕಿರುಗುಟ್ಟುವಿಕೆ, ಮೈಗೆ ಮೈ ಬಡಿಯುವ ಸದ್ದು ಮಾತ್ರ. ಇಬ್ಬರೂ ಒಬ್ಬರಿಗೊಬ್ಬರು ಏನನ್ನೂ ಬಿಟ್ಟುಕೊಡಲಿಲ್ಲ. ಸೊಬೊಟ್ಕಾನ ಮೂಗಿನಿಂದ ರಕ್ತ ಬಂತು, ಹತ್ತಿ ತುರುಕಿ ಮತ್ತೆ ಬಂದ. ಸೀಟಿ ಹಿಡಿದ ಡೆಲ್ಮರ್ ಮನಸ್ಸಿನೊಳಗೆ ನಾಚಿಕೆ ಬಿಟ್ಟು ಬೇಡಿಕೊಳ್ಳುತ್ತಿದ್ದ: ದೇವರೇ, ಇವನೇ ಗೆಲ್ಲಲಿ.

ಸೊಬೊಟ್ಕಾ ಒಂದು ಅಂಕದಿಂದ ಸೋತ.

ಕೋಲ್ಟನ್‌ನ ಕೈ ಎತ್ತಿದಾಗ ಹುಡುಗ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಸೊಬೊಟ್ಕಾ ಅವನ ಕೈ ಕುಲುಕಿ, ಬೂಟು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಬರಿಗಾಲಲ್ಲಿ ಹೊರಗೆ ಹೋದ. ಎಲ್ಲರೂ ಹೋದ ಮೇಲೆ ಡೆಲ್ಮರ್ ಒಬ್ಬನೇ ನೆಲ ಒರೆಸಿದ. ತನ್ನ ನಿಯಮದ ಮೇಲೆ ಅವನಿಗೆ ಜೀವನದಲ್ಲೇ ಮೊದಲ ಸಲ ಸಿಟ್ಟು ಬಂದಿತ್ತು. ಆದರೂ ಅದನ್ನು ಹಿಂದಕ್ಕೆ ತಗೊಳ್ಳುವ ಮನಸ್ಸು ಬರಲಿಲ್ಲ. ನಾಳೆ ಬೆಳಿಗ್ಗೆ ಇದೇ ಎದುರಾದರೂ ಇದನ್ನೇ ಮಾಡುತ್ತಿದ್ದ, ಮತ್ತೆ ಹೀಗೇ ನೋಯುತ್ತಿದ್ದ.

ಸೋಮವಾರ ಸೊಬೊಟ್ಕಾ ಬರಲಾರ ಎಂದುಕೊಂಡಿದ್ದರು. ಅಭ್ಯಾಸ ಅರ್ಧವಾದಾಗ ಬಾಗಿಲು ದಬ್ಬಿಕೊಂಡು ಬಂದ, ಕಾಲಲ್ಲಿ ಬೂಟು, ಮೂಗು ಊದಿಕೊಂಡಿತ್ತು. ಹಣ್ಣಿನ ಪಾಕ ತುಂಬಿದ ಕೊಲಾಚೆಯ ಒಂದು ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ತೂಕ ಇಳಿಸಬೇಕಾದವರು ಅದರ ಕಡೆ ಮೂಸಿಯೂ ನೋಡಕೂಡದೆಂದು ಗದರಿ, ನೇರವಾಗಿ ಕೋಚ್ ಹತ್ತಿರ ಬಂದ.

"ಅವನು ದಣಿದಾಗ ಸೊಂಟ ತಡವಾಗಿ ಇಳಿಸ್ತಾನೆ ಕೋಚ್. ನಿಮಗೆ ಹೊರಗಿಂದ ಕಾಣಲ್ಲ. ಅಡಿಯಲ್ಲಿದ್ದೋನಿಗೆ ಗೊತ್ತಾಗುತ್ತೆ. ಶುಕ್ರವಾರ ನನಗೆ ಗೊತ್ತಾಯ್ತು, ಆದ್ರೆ ಆಗ ನನ್ನಲ್ಲೂ ಉಸಿರಿರಲಿಲ್ಲ."

ಡೆಲ್ಮರ್ ಅವನನ್ನೇ ನೋಡಿದ. ಇಡೀ ಚಳಿಗಾಲ ಆ ಸೊಂಟವನ್ನು ನೋಡುತ್ತ ಬಂದ ತನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

"ಹಾಗಿದ್ರೆ ಸರಿಮಾಡು, ಹೋಗು," ಎಂದ.

ಆ ವಾರ ಸೊಬೊಟ್ಕಾ ಕೋಲ್ಟನ್‌ನ ಪ್ರಾಣ ತಿಂದ. ಓಡಿಸಿ ಓಡಿಸಿ ಸುಸ್ತು ಮಾಡಿಸುವುದು, ಆಮೇಲೆ ಕಾಲಿಗೆ ನುಗ್ಗುವುದು. "ಇಳ್ಸೋ! ನಿನ್ನ ಅಜ್ಜಿ ಇದಕ್ಕಿಂತ ಬೇಗ ಕೂತ್ಕೋತಾಳೆ! ಇಳ್ಸೋ!" ಕೋಲ್ಟನ್ ಮೊದಮೊದಲು ಅವನ ಮುಖ ನೋಡಲು ಹೆದರುತ್ತಿದ್ದ. ಬುಧವಾರದ ಹೊತ್ತಿಗೆ ತಿರುಗಿ ಬೈಯಲು ಕಲಿತ.

ವಲಯ ಪಂದ್ಯಾವಳಿಯಲ್ಲಿ ಕೋಲ್ಟನ್ ಒಂದು ಸೋತು ಉಳಿದವನ್ನು ಗೆದ್ದು, ಮೂರನೆಯ ಜಾಗದ ಕುಸ್ತಿಗೆ ಬಂದು ನಿಂತ. ಗೆದ್ದವನು ರಾಷ್ಟ್ರಮಟ್ಟಕ್ಕೆ, ಸೋತವನು ಮನೆಗೆ. ಅಂಕಣದ ಮೂಲೆಯಲ್ಲಿ ತಂಡಕ್ಕೆ ಎರಡು ಕುರ್ಚಿ. ಒಂದು ಡೆಲ್ಮರ್‌ನದು. ಸಹಾಯಕ ಕೋಚ್ ಬೇರೊಬ್ಬ ಹುಡುಗನ ಜೊತೆ ಆಚೆ ಅಂಕಣದಲ್ಲಿದ್ದುದರಿಂದ ಇನ್ನೊಂದು ಖಾಲಿಯಿತ್ತು. ಸೊಬೊಟ್ಕಾ ಟವೆಲ್ಲು ಹಿಡಿದು ಹಿಂದೆ ನಿಂತಿದ್ದ.

"ಕೂತ್ಕೋ," ಎಂದ ಡೆಲ್ಮರ್.

"ಅದು ಕೋಚ್‌ಗಳ ಕುರ್ಚಿ."

"ಕೂತ್ಕೋ ಅಂದೆ."

ಕೊನೆಯ ಸುತ್ತಿನಲ್ಲಿ ಕೋಲ್ಟನ್ ಒಂದು ಅಂಕ ಮುಂದಿದ್ದ, ಆದರೆ ಕಾಲಲ್ಲಿ ಕಸುವು ಉಳಿದಿರಲಿಲ್ಲ. ಬಾಯಿ ತೆರೆದು ಉಸಿರೆಳೆಯುತ್ತಿದ್ದ. ಎದುರಾಳಿಗೆ ಅದು ಕಂಡಿತು, ಭುಜ ತಗ್ಗಿತು. ಡೆಲ್ಮರ್ ಕೂಗಲು ಬಾಯಿ ತೆರೆದ. ಅಷ್ಟರಲ್ಲಿ ಪಕ್ಕದ ಕುರ್ಚಿಯಿಂದ, ಎದುರಾಳಿ ನುಗ್ಗುವ ಮೊದಲೇ, ಇಡೀ ಸಭಾಂಗಣ ತಿರುಗಿ ನೋಡುವಂತೆ ದನಿ ಎದ್ದಿತು.

"ಸೊಂಟ ಇಳ್ಸೋ!"

ಸೊಂಟ ಇಳಿಯಿತು. ನುಗ್ಗಿದವನು ಅದರಡಿ ಅಪ್ಪಚ್ಚಿಯಾಗಿ, ಕಾಲಿಗೆ ಕೈ ಚಾಚಿ, ಗಾಳಿ ಹಿಡಿದ. ಗಂಟೆ ಬಾರಿಸುವವರೆಗೂ ಕೋಲ್ಟನ್ ಅವನ ಮೇಲೆ ಬಂಡೆಯ ಹಾಗೆ ಬಿದ್ದಿದ್ದ.

ರೆಫರಿ ಕೈ ಎತ್ತಿದ ಮೇಲೆ ಕುಸ್ತಿಯವನು ಮೂಲೆಗೆ ಬಂದು ಮೊದಲು ಕೋಚ್‌ನ ಕೈ ಕುಲುಕುವುದು ರೂಢಿ. ಡೆಲ್ಮರ್ ಎದ್ದು ಕೈ ಚಾಚಿದ. ಕೋಲ್ಟನ್ ಅದನ್ನು ದಾಟಿಕೊಂಡು ಹೋಗಿ ಸೊಬೊಟ್ಕಾನ ಎದೆಗೆ ಬಿದ್ದ. ಸೊಬೊಟ್ಕಾ ಅಳುತ್ತಿದ್ದ. ತನ್ನ ಜಾಗದಲ್ಲಿ ನಿಂತು ಗೆದ್ದವನ ಬೆವರಿನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ಗದರಿದ.

"ತಡ ಮಾಡ್ದೆ. ಈಗಲೂ ತಡ ಮಾಡ್ದೆ ಕಣೋ. ಸೋಮವಾರ ಬೇಗ ಬಾ."

ಡೆಲ್ಮರ್ ಚಾಚಿದ್ದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ತನ್ನ ಕುರ್ಚಿಯಲ್ಲಿ ಮತ್ತೆ ಕೂತುಕೊಂಡ.