ನಾಲ್ಕನೇ ಜ್ವರ

"ನಿನ್ ತಟ್ಟೆ ಹುಳ ನಾಲ್ಕನೇ ಜ್ವರಕ್ಕೆ ಕೂತವೆ ಕಣವ್ವ," ಎಂದು ಅಪ್ಪ ಪ್ರಭುಸ್ವಾಮಿ ಫೋನಿನಲ್ಲಿ ಹೇಳಿದಾಗ, ಮೈಸೂರಿನಲ್ಲಿದ್ದ ನಾಗಶ್ರೀಗೆ ಖುಷಿಯೇ ಆಯಿತು. ರೇಷ್ಮೆ ಸಾಕುವವರಿಗೆ ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು, ತಲೆ ಎತ್ತಿ, ಪೊರೆ ಕಳಚಲು ಅಲ್ಲಾಡದೆ ಕೂರುತ್ತದಲ್ಲ, ಅದೇ ಜ್ವರ. ನಾಲ್ಕು ಸಲ ಕೂತೆದ್ದರೆ ಗೂಡು ಕಟ್ಟಿದ ಹಾಗೇ.

"ಮಿಕ್ಕ ಹುಳ?"

"ಅವು ಎದ್ದು ಮೂರ್ ದಿನ ಆಯ್ತಲ್ಲ. ಸೊಪ್ಪು ಸಾಲ್ದು ಅಂತವೆ."

ಜ್ವರ ಒಂದು ದಿನದ್ದು, ಇಷ್ಟು ದಿನ ಕೂರಬಾರದು. ನಾಗಶ್ರೀ ಸಿಕ್ಕ ಬಸ್ಸು ಹತ್ತಿ ತನ್ನೂರು ಅಗರಕ್ಕೆ ಬಂದಳು.

ಹತ್ತು ದಿನದ ಹಿಂದೆ ಹೆಬ್ಬೆರಳುದ್ದದ ಸೀಸೆಯೊಂದನ್ನು ಅವಳೇ ತಂದು ಕೊಟ್ಟಿದ್ದಳು. ಅದರಲ್ಲಿದ್ದದ್ದು ಕ್ವಾಂಟಮ್ ಚುಕ್ಕಿ. ಜೀವಕೋಶದೊಳಕ್ಕೆ ಹೋಗಿ ಕೂತು, ನೇರಳೆ ಬೆಳಕು ಬಿಟ್ಟರೆ ಕಿತ್ತಳೆ ಬಣ್ಣಕ್ಕೆ ಹೊಳೆಯುವ ಕಣ. ಬೇರೆ ಬಣ್ಣಗಳು ನಿಮಿಷದಲ್ಲಿ ಮಂಕಾಗುತ್ತವೆ, ಇದು ಬೇಗ ಆರುವುದಿಲ್ಲ. ಬದುಕಿರುವ ಜೀವಕೋಶದ ಓಡಾಟವನ್ನು ಕೂತು ನೋಡಬಹುದು. ಒಳಗಿರುವುದು ಕ್ಯಾಡ್ಮಿಯಂ, ವಿಷದ ಲೋಹ. ಮೇಲಿನ ಕವಚ ಗಟ್ಟಿ ಇರುವ ತನಕ ಭಯವಿಲ್ಲ ಅನ್ನುತ್ತಾರೆ. ಅವಳು ಸಂಶೋಧನೆ ಮಾಡುವ ಲ್ಯಾಬಿನ ಹುಳುಗಳು ಸೊರಗುತ್ತಿದ್ದವು, ನಮ್ಮೂರ ಹುಳು ಗಟ್ಟಿ ಎಂದುಕೊಂಡು, ಗೈಡಿಗೂ ಹೇಳದೆ, ನಲವತ್ತು ಹುಳುವಿನ ಬೇರೆ ತಟ್ಟೆ ಮಾಡಿಸಿದ್ದಳು. ದಿನಾ ಸೊಪ್ಪಿಗೆ ಒಂದು ಹನಿ ಸವರಿ ಹಾಕಿ, ಹುಳು ಮಾತ್ರ ಮುಟ್ಟಬೇಡಿ ಎಂದಿದ್ದಳು.

ಹುಳದ ಮನೆಯ ಗೋಣಿ ಪರದೆ ಇಳಿಬಿಟ್ಟು ನೇರಳೆ ಬೆಳಕಿನ ಟಾರ್ಚು ಹಾಕಿದಳು. ನಲವತ್ತೂ ತಲೆ ಎತ್ತಿಕೊಂಡೇ ಸತ್ತಿದ್ದವು. ಮೈಯೆಲ್ಲ ಕಿತ್ತಳೆ ಕೆಂಡ. ತಟ್ಟೆಯಲ್ಲಿ ಹಿಕ್ಕೆಯಿಲ್ಲ, ತಿಂದುಳಿದ ಸೊಪ್ಪಿಲ್ಲ; ಈಗಷ್ಟೇ ಗುಡಿಸಿದಷ್ಟು ಚೊಕ್ಕಟ.

"ಅಜ್ಜಿ, ಈ ತಟ್ಟೆ ಕಸ ಯಾರು ತೆಗೆದದ್ದು?"

"ಇನ್ಯಾರ್ ತಗದಾರು, ನಾನೇ," ಎಂದಳು ಚನ್ನಾಜಮ್ಮ ಬಾಗಿಲಲ್ಲಿ ನಿಂತು. "ಹುಳ ಮುಟ್ಬೇಡ ಅಂದೆ, ಮುಟ್ನಿಲ್ಲ ಕಣವ್ವ. ಕಸ ಬುಟ್ರೆ ನಾರ್ತದೆ ಅಂತ ದಿನಾ ತಗ್ದು ಕೆಂಪಿ ಮುಂದಕ್ಕಾಕ್ದೆ. ಓದಕ್ಕೋದೋಳು ಹುಳದ ಕಸ ಹಸಕ್ಕಾಕದೂ ಮರ್ತ್ಬುಟ್ಟಾ?"

ಮರೆತಿದ್ದಳು. ಲ್ಯಾಬಿನಲ್ಲಿ ಕಸಕ್ಕೆ ಹಳದಿ ಡಬ್ಬ ಇದೆ. ಚಿಕ್ಕಂದಿನಲ್ಲಿ ಮಂಕರಿ ಹೊತ್ತು ಅದೇ ಕಸವನ್ನು ಅದೇ ಕೊಟ್ಟಿಗೆಗೆ ಸುರಿದವಳು ತಾನೇ.

ಕೊಟ್ಟಿಗೆಯ ಮೂಲೆ ಹಗಲಲ್ಲೂ ಕತ್ತಲೆ. ಗೋದಲಿಯ ಮೇಲೆ ಟಾರ್ಚು ಆಡಿಸಿದಳು. ಕಲ್ಲಿನ ಸಂದಿಯಲ್ಲಿ ಕಿತ್ತಳೆ, ಹಸುವಿನ ಮೂತಿಯ ರೋಮದಲ್ಲಿ ಕಿತ್ತಳೆ. ಕೆಂಪಿ ಬೆಳಕಿಗೆ ಕಣ್ಣೂ ಮಿಟುಕಿಸಲಿಲ್ಲ. ಮುಂದೆ ಹಾಕಿದ್ದ ಹುಲ್ಲು ಹಾಗೇ ಇತ್ತು. ತಲೆ ಎತ್ತಿ, ಅಲ್ಲಾಡದೆ ನಿಂತಿತ್ತು.

"ಎರಡ್ ದಿನದಿಂದ ಮೇವು ಬ್ಯಾಡ ಅಂತದೆ," ಎಂದಳು ಚನ್ನಾಜಮ್ಮ. "ಜ್ವರ ಇರ್ಬೇಕು."

ಹಿಂದೆ ಅತ್ತಿಗೆ ಭವ್ಯ ಬಂದು ನಿಂತಿದ್ದಳು, ಏಳು ತಿಂಗಳ ಹೊಟ್ಟೆಯ ಮೇಲೆ ಒಂದು ಕೈ, ಇನ್ನೊಂದರಲ್ಲಿ ಲೋಟ.

"ಏನ್ ನಾದಿನಮ್ಮ, ಬಂದೋಳೇ ಹಸ ಮಾತಾಡಿಸ್ತಾ ಇದ್ದೀಯ. ಮನುಷ್ಯರು ಕಾಣ್ನಿಲ್ವಾ?"

ನಾಗಶ್ರೀ ಲೋಟದೊಳಕ್ಕೆ ನೋಡಿದಳು. ತಳದಲ್ಲಿ ಒಂದು ಗುಟುಕು.

"ಯಾವ ಹಸುವಿನ ಹಾಲು ಅತ್ತಿಗೆ?"

"ಕೆಂಪೀದೇ. ನಿಮ್ಮಜ್ಜಿ ಬುಟ್ಟಾರಾ? ಹೊತ್ತಾರೆ ಒಂದು, ಸಾಯಂಕಾಲ ಒಂದು. ಕೂಸು ಬೆಳ್ಳಗಾಯ್ತದಂತೆ."

ಟಾರ್ಚಿನ ಗುಂಡಿಯ ಮೇಲೆ ನಾಗಶ್ರೀಯ ಬೆರಳು ಹಾಗೇ ನಿಂತಿತು. ಹೊಳೆದರೆ ಚುಕ್ಕಿ ಇದೆ ಎಂದರ್ಥ. ಹೊಳೆಯದಿದ್ದರೆ? ಕವಚ ಒಡೆದು ಲೋಹ ಕರಗಿದ ಮೇಲೆ ಹೊಳೆಯುವುದಕ್ಕೆ ಏನೂ ಉಳಿದಿರುವುದಿಲ್ಲ. ಕಾಣದ್ದೇ ಕೆಟ್ಟದ್ದು.

ಟಾರ್ಚನ್ನು ಚೀಲಕ್ಕೆ ಹಾಕಿ ಲೋಟ ಈಸಿಕೊಂಡಳು.

"ಅತ್ತಿಗೆ, ಸೀರೆ ಬದಲಾಯಿಸ್ಕೊ. ದೊಡ್ಡಾಸ್ಪತ್ರೆಗೆ ಹೋಗಬೇಕು. ಯಾಕೆ ಅಂತ ಎಲ್ಲರ ಮುಂದೇನೇ ಹೇಳ್ತೀನಿ. ಅಪ್ಪನ್ನ ಕರಿ."

"ಈಗ್ಲಾ? ಓಗಣ ತಡಿ," ಎಂದಳು ಭವ್ಯ ಗೋಡೆಗೆ ಒರಗಿಕೊಂಡು. "ನಂಗೂ ನೆನ್ನೆಯಿಂದ ಊಟ ಬ್ಯಾಡ ಅನ್ನಿಸ್ತದೆ."