ಕಡ್ಡಿ ಹತ್ತಿದರೆ ಓವರ್‌ಲೋಡ್

ಲಿಫ್ಟ್ ಕಂಪನಿಯ ಪರೀಕ್ಷಾ ಕೋಣೆಯಲ್ಲಿದ್ದ ಲಿಫ್ಟಿನೊಳಗೆ ಕಡ್ಡಿ ಒಬ್ಬನೇ ನಿಂತಿದ್ದ. ಬಾಗಿಲು ತೆರೆದೇ ಇತ್ತು. ಪರದೆಯ ಮೇಲೆ ಕೆಂಪಕ್ಷರ ಮೂಡಿತು: ‘ಭಾರ ಹೆಚ್ಚಾಗಿದೆ’.

“ಬೆಳಗ್ಗೆಯಿಂದ ಬರೀ ಟೀ ಕುಡಿದಿದೀನಿ ಕಣ್ರೀ,” ಎಂದ ಕಡ್ಡಿ. ಗಾಳಿ ಬೀಸಿದರೆ ಹಾರಿಹೋಗುವಂಥ ಮೈಕಟ್ಟು; ಆ ಹೆಸರು ಬಂದದ್ದೇ ಅದಕ್ಕೆ.

ಹೊಸಬಳಿಗೆ ನಗು ಬರಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಅವಳು ಸ್ವಂತವಾಗಿ ಮಾಡಿದ ಮೊದಲ ಬದಲಾವಣೆ ಇದು. ಲಿಫ್ಟಿನ ಒಂದೊಂದು ಸ್ಥಿತಿಗೂ ಒಂದು ಸಂಖ್ಯೆ ಕೊಡುವ ಹೆಡರ್ ಫೈಲೊಂದಿತ್ತು: ಬಾಗಿಲು ಮುಚ್ಚಿದ್ದರೆ ಸೊನ್ನೆ, ತೆರೆದಿದ್ದರೆ ಒಂದು, ಭಾರ ಹೆಚ್ಚಾದರೆ ಎರಡು. ಅವಳು ಸೊನ್ನೆಯ ಮಗ್ಗುಲಿಗೆ, ಒಂದರ ಜಾಗದಲ್ಲಿ, ‘ಬಾಗಿಲು ಮುಚ್ಚುತ್ತಿದೆ’ ಎಂಬುದನ್ನು ತೂರಿಸಿದ್ದಳು. ತೆರೆದ ಬಾಗಿಲಿನ ಸಂಖ್ಯೆ ಹೀಗೆ ಎರಡಾಯಿತು. ಮೋಟರಿನ ಪ್ರೋಗ್ರಾಂ ಹೊಸ ಲೆಕ್ಕದಲ್ಲಿ ಮಾತಾಡುತ್ತಿತ್ತು. ಪರದೆಯದು ಹಳೆಯ ಲೆಕ್ಕ ಹಿಡಿದು ಕೂತಿತ್ತು; ಅದಕ್ಕೆ ಎರಡೆಂದರೆ ಇನ್ನೂ ಭಾರ.

“ಪರದೆಯ ಪ್ರೋಗ್ರಾಂ ಕಟ್ಟಿಟ್ಟ ಬಿಲ್ಡ್ ಪೂರ್ತಿ ಅಳಿಸಿ ಮೊದಲಿಂದ ಕಟ್ಟಮ್ಮ, ಸರಿಹೋಗುತ್ತೆ,” ಎಂದರು ಮಾವ. ತಂಡದ ಮುಖ್ಯಸ್ಥರನ್ನು ಕಚೇರಿಯೆಲ್ಲ ಕರೆಯುವುದು ಹಾಗೆಯೇ. “ಇಲ್ಲಿ ಎಲ್ಲರೂ ಮಾಡೋದು ಅಷ್ಟೇ. ಇಲ್ಲಾಂದ್ರೆ ನಿನ್ನ ಬದಲಾವಣೆ ವಾಪಸ್ ತಗೋ. ಸಂಜೆಯೊಳಗೆ ಯಾವುದು ಅಂತ ಹೇಳು.”

“ಹೆಡರ್ ಬದಲಾಗಿದ್ದು ಅದಕ್ಕೆ ಯಾಕೆ ಗೊತ್ತಾಗ್ಲಿಲ್ಲ ಮಾವ?”

“ವಯಸ್ಸಾಯ್ತು, ನನ್ನ ಹಾಗೆ.”

ಅವಳು ಸಂಜೆ ತರಗತಿಗಳಲ್ಲಿ ಪ್ರೋಗ್ರಾಮಿಂಗ್ ಕಲಿತು ಬಂದವಳು. ಎಲ್ಲರಿಗೂ ತಿಳಿದದ್ದನ್ನೇ ಕೇಳುತ್ತಿದ್ದೇನೋ ಎಂಬ ಅಳುಕು ಅವಳನ್ನು ಬಿಟ್ಟಿರಲಿಲ್ಲ. ಆದರೂ ತಲೆಗೆ ಹೊಕ್ಕ ಹುಳ ಸುಮ್ಮನಿರಬೇಕಲ್ಲ. ಪರದೆಯ ಕೋಡ್ ಇಡುವ ರೆಪೊಸಿಟರಿಯೇ ಬೇರೆ, ಹೆಡರ್ ಇದ್ದ, ಎಲ್ಲರೂ ಬಳಸುವ ಸಾಮಾನ್ಯ ರೆಪೊಸಿಟರಿಯೇ ಬೇರೆ. ಯಾವ ಫೈಲು ಯಾವ ಹೆಡರನ್ನು ನೆಚ್ಚಿದೆ ಎಂದು ಬಿಲ್ಡ್ ತಾನೇ ಗುರುತಿಟ್ಟುಕೊಳ್ಳುತ್ತದೆ. ಅದನ್ನು ತೆರೆದು ನೋಡಿದಳು. ಪರದೆಯವರ ಸ್ವಂತ ಹೆಡರುಗಳೆಲ್ಲ ಇದ್ದವು; ಸಾಮಾನ್ಯ ರೆಪೊಸಿಟರಿಯದು ಒಂದೂ ಇರಲಿಲ್ಲ. ಹುಡುಕುತ್ತ ಹೋದರೆ ಬಿಲ್ಡಿನ ಸೆಟ್ಟಿಂಗಿನಲ್ಲಿ ಒಂದು ಸಾಲು: ಆ ಸಾಮಾನ್ಯ ರೆಪೊಸಿಟರಿಯ ಫೋಲ್ಡರು ಹೊರಗಿನವರದು. ಹೊರಗಿನವರ ಹೆಡರುಗಳ ವಾರ್ನಿಂಗನ್ನು, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ತೋರಿಸುವುದಿಲ್ಲ. ಅವು ಬದಲಾದರೆ ಬಿಲ್ಡೂ ತಲೆ ಕೆಡಿಸಿಕೊಳ್ಳುವುದಿಲ್ಲ.

“ಇದನ್ನ ಯಾರು ಹಾಕಿದ್ದು?”

“ನಾನೇ,” ಎಂದ ಕಡ್ಡಿ. “ವಾರ್ನಿಂಗ್ ಕಾಟ ತಡೀಲಾರದೆ ಬಾಯಿ ಮುಚ್ಚಿಸಿದೆ. ಕಣ್ಣೂ ಮುಚ್ಕೊಳ್ಳುತ್ತೆ ಅಂತ ಯಾರಿಗ್ ಗೊತ್ತಿತ್ತು?”

ಅವಳು ಸಾಲನ್ನು ತೆಗೆದು, ಹಳೆಯ ಹೆಡರಿನಿಂದ ಒಮ್ಮೆ ಬಿಲ್ಡ್ ಮಾಡಿದಳು. ಆಮೇಲೆ ತನ್ನದನ್ನು ಹಾಕಿದಳು. ಏನನ್ನೂ ಅಳಿಸಲಿಲ್ಲ. ಆ ಹೆಡರನ್ನು ನೆಚ್ಚಿದ ಫೈಲುಗಳಷ್ಟೇ ತಾವಾಗಿ ಮತ್ತೆ ಕಂಪೈಲ್ ಆದವು. ಕಡ್ಡಿ ಲಿಫ್ಟಿಗೆ ಹೋಗಿ ನಿಂತ: ‘ಬಾಗಿಲು ತೆರೆದಿದೆ’.

ಆದರೆ ಕಂಪ್ಯೂಟರಿನಲ್ಲಿ ವಾರ್ನಿಂಗುಗಳು ಪುಟಗಟ್ಟಲೆ ಸುರಿಯುತ್ತಿದ್ದವು.

“ಇದೇನಮ್ಮ ಇಷ್ಟೊಂದು ಗಲಾಟೆ?”

“ಮೊದಲೂ ಇದ್ವು ಮಾವ. ನಮಗೆ ಕೇಳಿಸ್ತಿರ್ಲಿಲ್ಲ.”

ಆ ಸಾಲನ್ನು ವಾಪಸ್ ಹಾಕು, ನಿನ್ನದನ್ನು ತೆಗೆ ಎನ್ನುತ್ತಾರೆಂದೇ ಅವಳು ಎಣಿಸಿದ್ದಳು. ಮಾವ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

“ನಿನ್ನ ಬದಲಾವಣೆ ಇರಲಿ,” ಎಂದರು, ಕನ್ನಡಕ ಏರಿಸಿಕೊಳ್ಳುತ್ತ. “ಮೊದಲನೇ ವಾರ್ನಿಂಗ್ ಏನಂತೆ, ಓದು.”